ಅಳತೆ ಪುಸ್ತಕವನ್ನೇ ನೋಡದೆ ಕೊಟ್ಟ ಅವಾರ್ಡ್: ಪ್ರಶ್ನಿಸಬಹುದೇ?

ಪ್ರಶ್ನೆ:
ನಾನು ಕಟ್ಟಡ ಗುತ್ತಿಗೆದಾರ. ಬಾಕಿ ಬಿಲ್ಲಿನ ವ್ಯಾಜ್ಯದಲ್ಲಿ ಮಧ್ಯಸ್ಥಗಾರರು ನನ್ನ ವಿರುದ್ಧ ಅವಾರ್ಡ್ (ತೀರ್ಮಾನ) ಕೊಟ್ಟಿದ್ದಾರೆ. ಮಾಡಿದ ಕೆಲಸದ ಅಳತೆ ಬರೆದಿಡುವ, ಎರಡೂ ಕಡೆಯವರ ಸಹಿಯಿರುವ ಅಳತೆ ಪುಸ್ತಕವನ್ನು ಹಾಜರುಪಡಿಸಿದ್ದೆ. ಅವಾರ್ಡ್‌ನಲ್ಲಿ ಅದರ ಪ್ರಸ್ತಾಪವೇ ಇಲ್ಲ. ಅವಾರ್ಡ್‌ನ ಪ್ರತಿ ಕೈಸೇರಿ 50 ದಿನಗಳಾದವು. ಅನುಭವವಿದ್ದವರು ತಿಳಿಸಿ.

ಮೊದಲ ಉತ್ತರ:
ಸರ್, ಮೊದಲು ದಿನಗಳನ್ನು ಎಣಿಸಿ. ಅವಾರ್ಡ್ ರದ್ದು ಕೋರಿ ನ್ಯಾಯಾಲಯಕ್ಕೆ ಅರ್ಜಿ ಹಾಕಲು 1996ರ ಮಧ್ಯಸ್ಥಿಕೆ ಕಾಯ್ದೆಯ 34ನೇ ಸೆಕ್ಷನ್ ಕೊಡುವುದು, ಪ್ರತಿ ಕೈಸೇರಿದಂದಿನಿಂದ ಮೂರು ತಿಂಗಳು. ತಕ್ಕ ಕಾರಣ ತೋರಿಸಿದರೆ ಇನ್ನು 30 ದಿನ. ಆಮೇಲೆ ಎಷ್ಟೇ ಬೇಡಿಕೊಂಡರೂ ನ್ಯಾಯಾಲಯ ವಿಳಂಬ ಮನ್ನಿಸುವಂತಿಲ್ಲ.

ನಾನು ಹಾಕಿದ್ದ ಇಂಥದೇ ಅರ್ಜಿ ವಜಾ ಆಯಿತು. ಆ ನೋವು ಇನ್ನೂ ಇದೆ, ಆದರೆ ತಪ್ಪು ಎಲ್ಲಾಯಿತು ಎಂಬುದು ಈಗ ಗೊತ್ತು. ಎದುರು ಪಕ್ಷದ ಎಂಜಿನಿಯರ್ ಹೇಳಿದ್ದು ಸುಳ್ಳು, ಅವರನ್ನು ನಂಬಬಾರದಿತ್ತು ಎಂದೇ ಪುಟಗಟ್ಟಲೆ ಬರೆಸಿದ್ದೆ. ಯಾರನ್ನು ನಂಬಬೇಕೆಂಬುದು ಮಧ್ಯಸ್ಥಗಾರರಿಗೆ ಬಿಟ್ಟದ್ದು. ಸಾಕ್ಷ್ಯವನ್ನು ಮತ್ತೆ ತೂಗಿ ನೋಡಿ ಅವಾರ್ಡ್ ರದ್ದು ಮಾಡುವಂತಿಲ್ಲ ಎಂದು 34(2ಎ)ಯಲ್ಲೇ ಇದೆ.

ನಿಮ್ಮದು ಬೇರೆ. ಸಾಕ್ಷ್ಯವನ್ನು ತಪ್ಪಾಗಿ ತೂಗುವುದು ಒಂದು, ತಕ್ಕಡಿಗೇ ಹಾಕದಿರುವುದು ಇನ್ನೊಂದು. ದೆಹಲಿ ವಿಮಾನ ನಿಲ್ದಾಣದ ಮೆಟ್ರೊ ಮಾರ್ಗದ ಪ್ರಕರಣವನ್ನು ವಕೀಲರಿಗೆ ತೋರಿಸಿ. ಮೆಟ್ರೊ ಸುರಕ್ಷತಾ ಆಯುಕ್ತರ ಪ್ರಮಾಣಪತ್ರದಂಥ ಮುಖ್ಯ ದಾಖಲೆಯನ್ನು ಕಡೆಗಣಿಸಿದ ಅವಾರ್ಡ್ ನಿಲ್ಲದು ಎಂದು 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೂ ತನ್ನದೇ 2021ರ ತೀರ್ಪನ್ನು ಬದಿಗಿಟ್ಟು! ಪುಸ್ತಕದ ಯಾವ ಪುಟದ ಯಾವ ಅಳತೆ ಅವಾರ್ಡ್‌ನ ಯಾವ ಲೆಕ್ಕವನ್ನು ಉರುಳಿಸುತ್ತದೆ ಎಂದು ನೇರವಾಗಿ ಬರೆಸಿ.

ಎರಡನೆಯ ಉತ್ತರ:
ಪುಸ್ತಕ ಮಧ್ಯಸ್ಥಗಾರರ ಕಡತದಲ್ಲಿ ನಿಶಾನೆಯಾಗಿದೆಯೇ (ಸಾಕ್ಷ್ಯವೆಂದು ಗುರುತಾಗಿದೆಯೇ), ಇಂದೇ ನೋಡಿ. 2019ರ ತಿದ್ದುಪಡಿಯ ನಂತರ ಈ ಆಕ್ಷೇಪಗಳನ್ನು ಆ ಕಡತದ ಆಧಾರದಲ್ಲೇ ಸಾಬೀತುಪಡಿಸಬೇಕು.

ನೀವು ನೋಡಿಯೇ ಇರದ ಕಾಗದವೇನಾದರೂ ಅವಾರ್ಡ್‌ನಲ್ಲಿ ನುಸುಳಿದೆಯೇ ಎಂದೂ ಹುಡುಕಿ. ಸಾಂಗ್‌ಯಾಂಗ್ ಕಂಪನಿ ಮತ್ತು ಹೆದ್ದಾರಿ ಪ್ರಾಧಿಕಾರದ ಪ್ರಕರಣದಲ್ಲಿ, ಯಾರೂ ಹಾಜರುಪಡಿಸದ ಸರ್ಕಾರಿ ಮಾರ್ಗಸೂಚಿಯನ್ನು ಬಹುಮತದ ಮಧ್ಯಸ್ಥಗಾರರು ವೆಬ್‌ಸೈಟ್‌ನಿಂದ ತಾವೇ ತೆಗೆದುಕೊಂಡಿದ್ದರು. ಅದಕ್ಕೆ ಉತ್ತರಿಸಲು ಕಂಪನಿಗೆ ಅವಕಾಶವೇ ಸಿಗಲಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಅವಾರ್ಡ್ ರದ್ದು ಮಾಡಿತು.

ಮೂರನೆಯ ಉತ್ತರ:
ಒಂದು ಮಾತು ಸೇರಿಸುತ್ತೇನೆ. ಅರ್ಜಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ. 36ನೇ ಸೆಕ್ಷನ್ ಅಡಿ ತಡೆಯಾಜ್ಞೆಗೆ ಪ್ರತ್ಯೇಕ ಅರ್ಜಿ ಬೇಕು. ಹಣ ಠೇವಣಿ ಇಡಲು ಹೇಳಬಹುದು, ಈಗಲೇ ಹೊಂದಿಸಿಕೊಳ್ಳಿ. ನಾವು ಇದನ್ನು ತಿಳಿಯದೆ ಬ್ಯಾಂಕ್ ಖಾತೆ ಜಪ್ತಿಯಾದ ದಿನ ವಕೀಲರ ಬಳಿಗೆ ಓಡಿದೆವು.