ಸಹಾಯ ಬೇಕು: ವಿಮಾನ ನಿಲ್ದಾಣದ ಸುತ್ತಲಿನ ಜಮೀನು ಬಳಕೆ ಬಗ್ಗೆ ಗ್ರಾಮಸಭೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಗೆ ವಿಮಾನ ನಿಲ್ದಾಣ ಬರುತ್ತದೆ ಅನ್ನುವ ಮಾತು ನಮ್ಮ ಕಡೆ ಜೋರಾಗಿದೆ. ಜಾಗ ಯಾವುದೇ ಆಗಲಿ, ಈಗಲೇ ತಯಾರಾಗೋಣ ಅಂತ ಊರಿನ ಕೆಲವರು ಸೇರಿದ್ದೇವೆ. ನಾವು ಯೋಜನೆಗೆ ವಿರೋಧಿಗಳಲ್ಲ.

ಭೂಮಿ ಕೊಡುವವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಪಕ್ಕದಲ್ಲೇ ಉಳಿಯುವವರ ಗತಿ ಏನು, ಅಲ್ವಾ? ನಿಲ್ದಾಣದ ಸುತ್ತ 20 ಕಿ.ಮೀ. ತನಕ ಕಟ್ಟಡದ ಎತ್ತರಕ್ಕೆ ನಿಯಮ ಇದೆ. ಹಕ್ಕಿಗಳು ಮುತ್ತುತ್ತವೆ ಅಂತ 10 ಕಿ.ಮೀ. ಒಳಗೆ ಕಸ ಸುರಿಯುವಂತಿಲ್ಲ. ಹಾಗಾದರೆ ನಮ್ಮ ಪಂಚಾಯಿತಿ ಕಸ ಎಲ್ಲಿಗೆ ಹೋಗಬೇಕು? ರನ್‌ವೇಯ ಎರಡು ತುದಿಯಲ್ಲಿ ಸದ್ದು ಜಾಸ್ತಿ. ಅಲ್ಲಿ ಶಾಲೆ, ಆಸ್ಪತ್ರೆ ಬೇಡ, ಹೊಲ, ಗೋದಾಮು ಇರಲಿ ಅಂತ ಮಾಸ್ಟರ್ ಪ್ಲಾನ್ (ಯಾವ ಜಾಗ ಯಾವುದಕ್ಕೆ ಅಂತ ಹೇಳುವ ಯೋಜನೆ) ನಕ್ಷೆಯಲ್ಲೇ ಬರೆಸಬೇಕು. ಭದ್ರಾ ನಾಲೆಯ ಗದ್ದೆ, ತೋಟಗಳು ಸುಮ್ನೆ ಲೇಔಟ್ ಆಗಬಾರದು. ರಿಯಲ್ ಎಸ್ಟೇಟ್‌ನವರು ನಮಗಿಂತ ಮುಂಚೆ ನಕ್ಷೆ ಓದುತ್ತಾರೆ, ಅದೇ ಭಯ.

ಪರಿಸರದ ಸಾರ್ವಜನಿಕ ವಿಚಾರಣೆಗೆ 30 ದಿನ ಮುಂಚೆ ನೋಟಿಸ್ ಕೊಡಬೇಕು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನವೂ ಇದೆ. ಇಷ್ಟು ಓದಿಕೊಂಡಿದ್ದೇವೆ.

ಬೇಕಾಗಿರುವುದು ಇದು: ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ಸರ್ವೆ ನಂಬರ್ ಹುಡುಕಿ ತೋರಿಸಿಕೊಡುವ ಟೌನ್ ಪ್ಲಾನರ್ ಯಾರಾದರೂ ಇದ್ದೀರಾ? ಒಂದು ಭಾನುವಾರ ಬಂದರೆ ಸಾಕು. ಊಟ, ಬಸ್ ಖರ್ಚು ನಮ್ಮದು. ಶಿವಮೊಗ್ಗದ ಸೋಗಾನೆ ಕಡೆಯವರು ಇದ್ದರೆ, 2023ರಲ್ಲಿ ನಿಲ್ದಾಣ ಶುರುವಾದ ಮೇಲೆ ಅಕ್ಕಪಕ್ಕದ ಊರುಗಳಲ್ಲಿ ಏನು ಬದಲಾಯಿತು ಹೇಳಿ. ಗ್ರಾಮಸಭೆಯ ಠರಾವು, ಆಕ್ಷೇಪಣೆ ಅರ್ಜಿಯ ಮಾದರಿ ಇದ್ದರೆ ಇಲ್ಲೇ ಹಾಕಿ. ಕನ್ನಡದಲ್ಲಿದ್ದರೆ ಇನ್ನೂ ಒಳ್ಳೆಯದು, ಹಿರಿಯರಿಗೆ ಓದಿ ಹೇಳಬೇಕು.