ಐಡಿಇ0028 ಎರರ್ ಮಾಡಿದ್ದಾರೆ: ಕೋಡ್ ಬದಲಿಸಬೇಕಾ, ರೂಲ್ ತೆಗೆಸಬೇಕಾ? ಅನುಭವ ಹೇಳಿ

ಗೋಣಿಕೊಪ್ಪಲು ಕೋಡರ್
ಕಾಫಿ ಖರೀದಿ ಬಿಲ್ಲಿಂಗ್ ಸಾಫ್ಟ್‌ವೇರ್, ಸಿ ಶಾರ್ಪ್ ಭಾಷೆ, .ನೆಟ್ 8. ಪಟ್ಟಿಗೆ ಐಟಂ ಒಂದೊಂದಾಗಿ ಆಡ್ ಮಾಡದೆ, ಪಟ್ಟಿ ಮಾಡುವಾಗಲೇ ಬರೆಯಿರಿ ಅನ್ನುವ ರೂಲ್ ಐಡಿಇ0028. ಹೊಸ ಲೀಡ್ ಎಡಿಟರ್‌ಕಾನ್ಫಿಗ್‌ನಲ್ಲಿ (ಕೋಡ್ ಶೈಲಿಯ ರೂಲ್ ಫೈಲ್) ಅದನ್ನು ಎರರ್ ಮಾಡಿದ್ದಾರೆ. ಖಾಲಿ ಲಿಸ್ಟ್ ಮಾಡಿ ಕೆಳಗೆ ಸಾಲಾಗಿ ಆಡ್ ಬರೆದ ಕಡೆಯೆಲ್ಲ ಬಿಲ್ಡ್ ನಿಲ್ಲುತ್ತಿದೆ. ಕೊಯ್ಲು ಹತ್ತಿರ ಬಂತು. ಏನು ಮಾಡಲಿ?

ಸುಂಟಿಕೊಪ್ಪ ರೋಬಸ್ಟಾ
ತೆಗೆಸಿ. ನಮ್ಮಲ್ಲಿ ಕಾಫಿ ದರಕ್ಕೆ ಒಂದು ಡಿಕ್ಷನರಿ (ಹೆಸರು ಕೊಟ್ಟರೆ ದರ ಹೇಳುವ ಪಟ್ಟಿ) ಇತ್ತು. ಕ್ಯಾಪಿಟಲ್, ಸ್ಮಾಲ್ ಎರಡನ್ನೂ ಒಂದೇ ಅಂತ ನೋಡುವ ಕಂಪೇರರ್ ಕೊಟ್ಟಿದ್ದೆ. ಟೀಮಿನ ಒಬ್ಬರು ರೂಲ್ ಹೆಸರು ಹೇಳಿ ಆ ಸಾಲನ್ನೇ ಅಳಿಸಿ, ಬರೀ ಚೌಕ ಬ್ರಾಕೆಟ್ ಹಾಕಿದರು. ಸಿ ಶಾರ್ಪ್ 12ರ ಆ ಬ್ರಾಕೆಟ್ಟಿನಲ್ಲಿ ಕಂಪೇರರ್ ಹೇಳೋಕೆ ಜಾಗವೇ ಇಲ್ಲ. ಬಿಲ್ಡ್ ಮಾತ್ರ ಪಾಸ್ ಆಯ್ತು! ತೂಕದ ಕೌಂಟರಿನಲ್ಲಿ ಒಬ್ಬರು ರೋಬಸ್ಟಾ ಚೆರಿ ಅಂತ ಕ್ಯಾಪಿಟಲ್‌ನಲ್ಲಿ ಹೊಡೆಯುತ್ತಾರೆ, ಇನ್ನೊಬ್ಬರು ಸ್ಮಾಲ್‌ನಲ್ಲಿ. ಒಂದೇ ಕಾಫಿ ಎರಡು ಲೆಕ್ಕಕ್ಕೆ ಹೋಯಿತು. ಬೆಳೆಗಾರರಿಗೆ ಕೊಟ್ಟ ರಸೀದಿಗೂ ದಿನದ ಮೊತ್ತಕ್ಕೂ ತಾಳೆಯಾಗಲಿಲ್ಲ. ಚೀಟಿ ಚೀಟಿ ಹಿಡಿದು, 50 ಕೆಜಿ ಚೀಲ ಎಣಿಸಿ ಸರಿಮಾಡಿದ್ದು ನಾನು. ಆ ರಾತ್ರಿಗಳಿಗೆ ಯಾರೂ ಒಂದು ಪೈಸೆ ಕೊಡಲಿಲ್ಲ.

ಸೋಮವಾರಪೇಟೆ ಅಕ್ಕ
ಕಂಪೇರರ್ ಅಳಿಸಿದ್ದು ಮನುಷ್ಯ. ರೂಲನ್ನು ಯಾಕೆ ಬೈತೀರಿ? ಡಿಕ್ಷನರಿ ಹುಟ್ಟಿಸುವ ಕನ್‌ಸ್ಟ್ರಕ್ಟರ್‌ಗೆ ಕಂಪೇರರ್ ಕೊಟ್ಟು, ಪಕ್ಕದಲ್ಲೇ ಕರ್ಲಿ ಬ್ರಾಕೆಟ್ ತೆರೆದು ಐಟಂ ಬರೆಯೋದು 2007ರ ಸಿ ಶಾರ್ಪ್ 3ರಿಂದಲೂ ಇದೆ. ಚೌಕ ಬ್ರಾಕೆಟ್ ಬೇಡ ಅಂದ್ರೆ ಕಲೆಕ್ಷನ್ ಎಕ್ಸ್‌ಪ್ರೆಶನ್ ಸೆಟ್ಟಿಂಗ್ ಒಂದನ್ನೇ ಫಾಲ್ಸ್ ಮಾಡಿ. ನಾನು ಹೋಮ್‌ಸ್ಟೇ ಬುಕಿಂಗ್ ಕೋಡಿನಲ್ಲಿ ಹಾಗೇ ಮಾಡಿದೆ. ರೂಮ್ ದರದ ಪಟ್ಟಿ ಈಗ ಪಟ್ಟಿಯ ಹಾಗೇ ಕಾಣುತ್ತದೆ, ಯಾವ ರೂಮ್ ಬಿಟ್ಟುಹೋಗಿದೆ ಅಂತ ರಿವ್ಯೂನಲ್ಲೇ ಗೊತ್ತಾಗುತ್ತದೆ. ಡಾಟ್‌ನೆಟ್ ಫಾರ್ಮ್ಯಾಟ್ (ರೂಲಿನಂತೆ ಕೋಡ್ ತಾನೇ ತಿದ್ದುವ ಕಮಾಂಡ್) ಓಡಿಸಿ, ಆ ಬದಲಾವಣೆಯನ್ನೇ ಬೇರೆ ಕಮಿಟ್ ಮಾಡಿ, ಗಿಟ್ ಬ್ಲೇಮ್ (ಯಾವ ಸಾಲು ಯಾರು ಬದಲಿಸಿದ್ದು ಅಂತ ತೋರಿಸುವುದು) ಬಿಟ್ಟುಬಿಡುವ ಪಟ್ಟಿಗೆ ಸೇರಿಸಿದೆ. ಈ ಕೆಲಸದ ಬಗ್ಗೆ ನನಗೆ ಹೆಮ್ಮೆ ಇದೆ.

ಮಡಿಕೇರಿ ಕೋಟೆ ಬದಿ
ಪಟ್ಟಿ ಚೆಂದ ಕಾಣುತ್ತದೆ, ಒಪ್ಪಿದೆ. ಆದರೆ ಕೆಟ್ಟಾಗ? ನಮ್ಮ ಡಿಕ್ಷನರಿಯಲ್ಲಿ ಒಂದು ಕೀ (ಹುಡುಕುವ ಹೆಸರು) ಎರಡು ಸಲ ಬಂದಿತ್ತು. ಆಡ್ ಆಡ್ ಅಂತ ಬರೆದಿದ್ದಾಗ ಎಕ್ಸೆಪ್ಶನ್ (ಓಡುವಾಗ ಬರುವ ದೋಷ) ಸರಿಯಾದ ಸಾಲನ್ನೇ ತೋರಿಸುತ್ತಿತ್ತು. ಈಗ ಇಡೀ ಪಟ್ಟಿಯೇ ಒಂದು ಸ್ಟೇಟ್‌ಮೆಂಟ್. ಮೊದಲ ಸಾಲಿನ ನಂಬರ್ ಕೊಟ್ಟು ಸುಮ್ನಾಗುತ್ತದೆ. ಮಧ್ಯದ ಐಟಂಗೆ ಬ್ರೇಕ್‌ಪಾಯಿಂಟ್ (ಅಲ್ಲಿ ನಿಲ್ಲಿಸಿ ನೋಡುವ ಗುರುತು) ಇಡೋಕೂ ಆಗಲ್ಲ. ಇನ್ನು ನಮ್ಮಲ್ಲಾದ ಅಂಥದೇ ಫಾರ್ಮ್ಯಾಟ್ ಕಮಿಟ್! ಬೆಂಗಳೂರಿನ ಆಫೀಸಿನಲ್ಲಿ ಕೂತವರು ಜುಲೈನಲ್ಲಿ ಅದನ್ನು ತಳ್ಳಿದರು. ಇಲ್ಲಿ ಮರ ಬಿದ್ದು ಕರೆಂಟ್ ಇಲ್ಲ, ನೆಟ್ ಇಲ್ಲ. ಕರೆಂಟ್ ಬಂದಾಗ ನನ್ನ ಬ್ರಾಂಚ್ (ನಾನು ಬೇರೆಯಾಗಿ ತಿದ್ದುತ್ತಿದ್ದ ಕೋಡ್) ತುಂಬ ಕಾನ್‌ಫ್ಲಿಕ್ಟ್.

ಸೋಮವಾರಪೇಟೆ ಅಕ್ಕ
ಮಳೆ ನಿಮಗೊಬ್ಬರಿಗೇನಾ? ನಾನೂ ಇಲ್ಲೇ ಕೂತು ಕೆಲಸ ಮಾಡೋದು. ಬ್ರಾಂಚ್ ಅಷ್ಟು ದಿನ ಮರ್ಜ್ ಮಾಡದೆ ಇಟ್ಟರೆ ಯಾವ ರೂಲ್ ಇದ್ದರೂ ಹಾಗೇ ಆಗೋದು.

ಮಡಿಕೇರಿ ಕೋಟೆ ಬದಿ
ಮರ್ಜ್ ಮಾಡೋಕೆ ರಿವ್ಯೂ ಮಾಡುವವರು ಬೇಕಲ್ಲ? ಅವರು ಬೆಂಗಳೂರಿನಲ್ಲಿ ರಜೆಯಲ್ಲಿದ್ದರು. ಗೊತ್ತಿಲ್ಲದೆ ಮಾತಾಡಬೇಡಿ.

ವಿರಾಜಪೇಟೆ ಬ್ಯಾಕೆಂಡ್
ಇಬ್ಬರೂ ಜಗಳ ಬಿಡಿ ಮಾರಾಯ್ರೇ, ದೊಡ್ಡ ಅಪಾಯ ಬೇರೆ ಇದೆ. ಐಎನ್ಯೂಮರಬಲ್ (ಒಂದೊಂದಾಗಿ ಓದಬಹುದಾದ ಐಟಂಗಳ ಸಾಲು) ವಾಪಸ್ ಕೊಡುವ ಮೆಥಡ್‌ನಲ್ಲಿ ಲಿಸ್ಟ್ ತೆಗೆದು ಚೌಕ ಬ್ರಾಕೆಟ್ ಹಾಕಿದರೆ, ಕಂಪೈಲರ್ ತನ್ನದೇ ಓದಲಷ್ಟೇ ಬರುವ ಟೈಪ್ ಕೊಡುತ್ತದೆ. ನಮ್ಮ ಹಳೇ ಕೋಡ್ ಅದನ್ನು ಲಿಸ್ಟ್‌ಗೆ ಕಾಸ್ಟ್ ಮಾಡುತ್ತಿತ್ತು, ಅಂದರೆ ಲಿಸ್ಟ್ ಅಂತಲೇ ಬಳಸುತ್ತಿತ್ತು. ಕಂಪೈಲ್ ಆಯ್ತು, ಗ್ರಾಹಕರ ಎದುರು ಬಿತ್ತು. ಟೈಪ್ ಪಕ್ಕಾ ಹೊಂದಿದರೆ ಮಾತ್ರ ಹೇಳು ಅನ್ನುವ ಆಯ್ಕೆ ಅಕ್ಕ ಹೇಳಿದ ಕಲೆಕ್ಷನ್ ಎಕ್ಸ್‌ಪ್ರೆಶನ್ ಸೆಟ್ಟಿಂಗ್‌ನಲ್ಲೇ ಇದೆ. ಅದನ್ನು ಹಾಕಿದ ಮೇಲೆ ತೊಂದರೆ ಇಲ್ಲ.

ಸುಂಟಿಕೊಪ್ಪ ರೋಬಸ್ಟಾ
ನೋಡಿದ್ರಾ? ಸಜೆಷನ್ ಆಗಿ ಬರುವ ರೂಲನ್ನು ಎರರ್ ಮಾಡಿದ್ದಕ್ಕೇ ಇಷ್ಟೆಲ್ಲ. ಕೊಯ್ಲು ಮುಗಿಯುವವರೆಗೆ ಸಜೆಷನ್‌ಗೇ ಇಳಿಸಿ. ಲೀಡ್ ಒಪ್ಪದಿದ್ದರೆ ನನ್ನ ಕಥೆ ಓದಲು ಕೊಡಿ.

ಸೋಮವಾರಪೇಟೆ ಅಕ್ಕ
ನಿಮ್ಮ ಕಥೆಯಲ್ಲಿ ಟೆಸ್ಟ್ ಎಲ್ಲಿತ್ತು? ಎರಡು ಥರದ ಸ್ಪೆಲ್ಲಿಂಗ್ ಕೊಡುವ ಒಂದು ಟೆಸ್ಟ್ ಇದ್ದಿದ್ದರೆ ಸಾಕಿತ್ತು.

ಸುಂಟಿಕೊಪ್ಪ ರೋಬಸ್ಟಾ
ಟೆಸ್ಟ್ ಬರೆಯೋಕೆ ಸಮಯ ಕೇಳಿದ್ದೆ. ಕೊಡದವರೇ ರೂಲ್ ಹಾಕಿದ್ದು, ಅಕ್ಕ.