ಶ್ರೀಧರ ಮಾವ ಕಳಿಸಿದ ಸೂಜಿ ಮೆಸೇಜ್

ಶ್ರೀಧರ ಮಾವ: *ಫಾರ್ವರ್ಡ್* 🙏 ಸೂಜಿ ಚುಚ್ಚಿ ಗುಣ ಮಾಡುವ ಅಕ್ಯುಪಂಕ್ಚರ್ ಚೀನಾದ್ದಲ್ಲ, ನಮ್ಮದೇ ಮರ್ಮ ವಿದ್ಯೆ! ಕಂಚಿಯಿಂದ ಬೌದ್ಧ ಭಿಕ್ಷು ಬೋಧಿಧರ್ಮ ಒಯ್ದು ಅವರಿಗೆ ಕಲಿಸಿದ್ದು. 1971ರಲ್ಲಿ ಅಮೆರಿಕದ ಪತ್ರಕರ್ತನಿಗೆ ಅರಿವಳಿಕೆ ಇಲ್ಲದೆ ಬರೀ ಸೂಜಿ ಚುಚ್ಚಿ ಅಪೆಂಡಿಕ್ಸ್ ಆಪರೇಷನ್ ಮಾಡಿದರು. ಶುಗರ್, ಬಿಪಿ ಮಾತ್ರೆ ಇವತ್ತೇ ಬಿಸಾಕಿ. ಹತ್ತು ಜನರಿಗೆ ಕಳಿಸಿ.

ಪ್ರವೀಣ: ಬೆಳಗ್ಗೆ ಬೆಳಗ್ಗೇನೇ ಶುರುವಾ ಮಾವ 😀

ಸುಮಾ: ಮಾವ, ಬೇಜಾರು ಮಾಡ್ಕೋಬೇಡಿ, ಇದರಲ್ಲಿ ನಿಜ ತುಂಬಾ ಕಮ್ಮಿ. ಬೋಧಿಧರ್ಮ ಹೋದದ್ದು ಕ್ರಿ.ಶ. 5-6ನೇ ಶತಮಾನದಲ್ಲಿ ಅಂತಾರೆ. ಚೀನಿಯರ 'ಹುವಾಂಗ್‌ದಿ ನೇಯ್‌ಜಿಂಗ್' ಅನ್ನೋ ವೈದ್ಯ ಗ್ರಂಥ ಅದಕ್ಕೂ ಎಷ್ಟೋ ಶತಮಾನ ಹಿಂದಿನದು. ಎಲ್ಲಿ ಚುಚ್ಚಬೇಕು, ಎಷ್ಟು ಆಳ, ಒಂಬತ್ತು ಬಗೆಯ ಸೂಜಿ ಯಾವುವು, ಎಲ್ಲ ಅದರಲ್ಲೇ ಇದೆ.

ಶ್ರೀಧರ ಮಾವ: ನಮ್ಮ ಸುಶ್ರುತ ಮೈಯಲ್ಲಿರೋ 107 ಮರ್ಮ ಸ್ಥಾನ ಬರೆದಿಲ್ವಾ? ನಿಮಗೆ ನಮ್ಮದು ಅಂದ್ರೇನೇ ತಾತ್ಸಾರ.

ಸುಮಾ: ಬರೆದಿದ್ದಾನೆ, ಯಾಕೆ ಬರೆದ ಅಂತಲೂ ನೋಡಿ. ಅಲ್ಲಿ ಪೆಟ್ಟು ಬಿದ್ದರೆ ಸಾವು ಇಲ್ಲವೇ ಊನ, ಶಸ್ತ್ರ ಹಿಡಿದವನು ಆ ಜಾಗ ತಪ್ಪಿಸಿ ಕೊಯ್ಯಬೇಕು ಅಂತ. ಚೀನಿಯರದ್ದು ಚುಚ್ಚಬೇಕಾದ ಜಾಗಗಳ ಪಟ್ಟಿ, ಈಗಿನ ಲೆಕ್ಕದಲ್ಲಿ 361. ಇದು ಮರ್ಮದ ನಕಲು ಹೇಗಾಗುತ್ತೆ?

ಪ್ರವೀಣ: ಅಕ್ಕ, ಅವರೂ 5000 ವರ್ಷ ಹಳೇದು ಅಂತಾರಲ್ಲ?

ಸುಮಾ: ಅದೂ ಉಬ್ಬಿಸಿದ್ದೇ ಕಣೋ. ಮಾವಾಂಗ್‌ದುಯಿ ಅನ್ನೋ ಕಡೆ ಕ್ರಿ.ಪೂ. 168ರಲ್ಲಿ ಮುಚ್ಚಿದ ಸಮಾಧಿಯೊಳಗೆ ರೇಷ್ಮೆ ಬಟ್ಟೆ ಮೇಲೆ ಬರೆದ ವೈದ್ಯದ ಬರಹಗಳು ಸಿಕ್ಕಿವೆ. ಮೈಯಲ್ಲಿ ಓಡುವ 11 ನಾಳಗಳ ವಿವರ ಇದೆ (ಈಗ 12 ಅಂತಾರೆ). ಆದರೆ ಅವುಗಳ ಮೇಲೆ ಮದ್ದಿನ ಸೊಪ್ಪು ಸುಟ್ಟು ಶಾಖ ಕೊಡಿ ಅಂತಿದೆಯೇ ಹೊರತು ಸೂಜಿ ಚಿಕಿತ್ಸೆ ಇಲ್ಲ.

ವನಜಾ ಚಿಕ್ಕಮ್ಮ: ಇತಿಹಾಸ ಆಮೇಲೆ ಮಾಡ್ಕೊಳ್ಳಿ. ನನ್ನ ಮಂಡಿನೋವಿಗೆ ಹೋಗ್ತಿದ್ದೇನಲ್ಲ, ಮಂಡಿಚಿಪ್ಪಿನ ಕೆಳಗೆ ನಾಲ್ಕು ಬೆರಳು ಅಡ್ಡ ಇಟ್ಟು ಅಳೆದು, ಮೂಳೆಯ ಹೊರಬದಿಗೆ ಚುಚ್ಚುತ್ತಾರೆ. ತೆಳ್ಳಗಿನ ಸೂಜಿ, ಚುಚ್ಚಿದ್ದೇ ಗೊತ್ತಾಗಲ್ಲ. ತಿರುವಿದಾಗ ಮಾತ್ರ ಒಳಗೆ ಭಾರವಾಗಿ, ಜೋಮು ಹಿಡಿದ ಹಾಗೆ ಪಾದದವರೆಗೂ ಇಳಿಯುತ್ತೆ. ಈಗ ಮೆಟ್ಟಿಲು ಹತ್ತುತ್ತೇನೆ. ಅದಕ್ಕೇನಂತೀಯ?

ಸುಮಾ: ಸುಳ್ಳು ಅನ್ನಲ್ಲ ಚಿಕ್ಕಮ್ಮ. 'ಚೀ' ಅನ್ನೋ ಶಕ್ತಿ ನಾಳಗಳಲ್ಲಿ ಹರಿಯುತ್ತೆ, ಎಲ್ಲಾದರೂ ಕಟ್ಟಿಕೊಂಡರೆ ನೋವು, ಸೂಜಿಯಿಂದ ದಾರಿ ಬಿಡಿಸಬೇಕು ಅನ್ನೋದು ಅವರ ನಂಬಿಕೆ. ಆ ಭಾರ ಬಂದರೇನೇ ಸರಿಯಾಗಿ ಚುಚ್ಚಿದ್ದು ಅಂತ ಲೆಕ್ಕ. ಜರ್ಮನಿಯಲ್ಲಿ ಸೊಂಟನೋವಿದ್ದ 1162 ಜನರ ಮೇಲೆ ಪರೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದರು. ಮಾತ್ರೆ, ವ್ಯಾಯಾಮದ ಮಾಮೂಲಿ ಚಿಕಿತ್ಸೆಯಲ್ಲಿ ಶೇ. 27.4 ಜನಕ್ಕೆ ಗುಣ ಕಂಡಿತು. ಸೂಜಿ ಚುಚ್ಚಿಸಿಕೊಂಡವರಲ್ಲಿ ಶೇ. 47.6.

ಶ್ರೀಧರ ಮಾವ: ನೋಡಿದ್ಯಾ!!! 💪 ನಿನ್ನ ಬಾಯಿಂದಲೇ ಬಂತು.

ಸುಮಾ: ತಾಳಿ, ಮುಗಿದಿಲ್ಲ. ಮೂರನೇ ಗುಂಪಿಗೆ ಬೇಕಂತಲೇ ಬೇರೆ ಜಾಗಗಳಲ್ಲಿ, ಆಳಕ್ಕೆ ಹೋಗದೆ ಮೇಲ್ಮೇಲೆ ಚುಚ್ಚಿದ್ದರು. ಅವರಲ್ಲೂ ಶೇ. 44.2! ಅಂದರೆ ಚುಚ್ಚಿಸಿಕೊಂಡರೆ ನೋವು ಕಮ್ಮಿಯಾಗುತ್ತೆ, ಆದರೆ ಇಂಥದ್ದೇ ಜಾಗ ಅನ್ನೋ ನಕ್ಷೆಗೆ ಅಷ್ಟೇನೂ ಬೆಲೆ ಕಾಣಲ್ಲ. ನೋವಿಗೆ ಹೋಗಿ ಚಿಕ್ಕಮ್ಮ, ನಾನು ಬೇಡ ಅನ್ನಲ್ಲ. ಶುಗರ್ ಮಾತ್ರೆ ಬಿಸಾಕಿ ಅಂತ ಬರೆದ ಮಹಾನುಭಾವ ಕೈಗೆ ಸಿಕ್ಕಿದರೆ ಮಾತ್ರ ಬಿಡಲ್ಲ. ಅಲ್ಲಿ ಸೂಜಿ ಹೊಸದು ತಾನೇ?

ವನಜಾ ಚಿಕ್ಕಮ್ಮ: ನಮ್ಮೆದುರೇ ಪ್ಯಾಕೆಟ್ ಒಡೀತಾರೆ. ಮಾತ್ರೆ ನಾನು ಬಿಟ್ಟಿಲ್ಲಮ್ಮ. ಅಣ್ಣ, ನೀನು ಬಿಟ್ಟಿದ್ಯಾ?

ಶ್ರೀಧರ ಮಾವ: ನನ್ನದು ಬಿಡು. ಆ ಅಮೆರಿಕದವನ ಆಪರೇಷನ್ ಆದರೂ ನಿಜ ತಾನೇ?

ಸುಮಾ: ಆಪರೇಷನ್ ನಿಜ. ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್, ಪೀಕಿಂಗ್‌ನಲ್ಲಿ (ಈಗಿನ ಬೀಜಿಂಗ್). ಮಾಡಿದ್ದು ಮಾಮೂಲಿ ಅರಿವಳಿಕೆ ಇಂಜೆಕ್ಷನ್ ಕೊಟ್ಟೇ. ಆಮೇಲೆ ಎರಡನೇ ರಾತ್ರಿ ಹೊಟ್ಟೆ ಉಬ್ಬರಿಸಿ ಒದ್ದಾಡಿದಾಗ ಬಲ ಮೊಣಕೈಗೆ, ಚಿಕ್ಕಮ್ಮನಿಗೆ ಚುಚ್ಚಿದ ಹಾಗೇ ಮಂಡಿ ಕೆಳಗೆ, ಸೂಜಿ ಹಾಕಿದರು. ಹೊಟ್ಟೆ ಹತ್ತಿರ ಸೊಪ್ಪಿನ ಕಡ್ಡಿ ಹಚ್ಚಿ ಹಿಡಿದರು. ಉಬ್ಬರ ಇಳಿಯಿತು. ಇದೆಲ್ಲ ಅವರೇ ಪತ್ರಿಕೆಯಲ್ಲಿ ಬರೆದಿದ್ದಾರೆ, ಜನ ಎರಡನ್ನೂ ಕಲಸಿಬಿಟ್ಟರು.

ಶ್ರೀಧರ ಮಾವ: ಸರಿ. ಸೊಲ್ಲಾಪುರದ ಡಾ. ಕೋಟ್ನೀಸ್ ಚೀನಾಕ್ಕೆ ಹೋಗಿದ್ದೂ ಸುಳ್ಳು ಅನ್ನು ಇನ್ನು.

ಸುಮಾ: ಅಯ್ಯೋ ಮಾವ. ಅವರು 1938ರಲ್ಲಿ ವೈದ್ಯರ ತಂಡದ ಜೊತೆ ಹೋಗಿದ್ದು ಯುದ್ಧದಲ್ಲಿ ಗಾಯಗೊಂಡವರಿಗೆ ಆಪರೇಷನ್ ಮಾಡೋಕೆ. ಅದೇ ತಂಡದ ಡಾ. ಬಿ.ಕೆ. ಬಸು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಸೂಜಿ ವಿದ್ಯೆ ಕಲಿತು ಕೋಲ್ಕತ್ತಾಕ್ಕೆ ತಂದರು. ಅಲ್ಲಿಂದ ಇಲ್ಲಿಗೆ ಬಂದದ್ದು, ಇಲ್ಲಿಂದ ಅಲ್ಲಿಗಲ್ಲ.

ಶ್ರೀಧರ ಮಾವ: ಬೋಧಿಧರ್ಮನ ವಿಷಯ ನಾನು ಒಪ್ಪಲ್ಲ. ಬೇಕಾದರೆ ಮಾತ್ರೆ ಸಾಲು ತೆಗೆದು ಕಳಿಸುತ್ತೇನೆ.

ಸುಮಾ: ಆಪರೇಷನ್ ಸಾಲೂ ತೆಗೀರಿ. ಮರ್ಮದ್ದೂ.

ಶ್ರೀಧರ ಮಾವ: ಎಲ್ಲ ತೆಗೆದರೆ ಫಾರ್ವರ್ಡ್ ಮಾಡೋದೇನನ್ನ?

ಪ್ರವೀಣ: 'ಹತ್ತು ಜನರಿಗೆ ಕಳಿಸಿ' ಇದೆಯಲ್ಲ ಮಾವ 😂